ಕಡಲೆ ಕೀಳುವ ದಿನಗಳಲ್ಲೂ ಬೇಕು ಕೂಸಿನ ಮನೆ

ನಮ್ಮೂರ ಹೆಸರೂ ಮಂಗಳೂರು. ಕರಾವಳಿಯದಲ್ಲ, ಕೊಪ್ಪಳ ಜಿಲ್ಲೆಯದು, ಸುತ್ತಲೂ ಎರಿ ಹೊಲ. ಎಳ್ಳ ಅಮಾವಾಸ್ಯೆಯಂದು ನನ್ನ ನಾಲ್ಕು ವರ್ಷದ ಮೊಮ್ಮಗಳು ಅಪ್ಪನ ಹಿಂದೆ ನಡೆಯುತ್ತ ಪುಟ್ಟ ಕೈಯಿಂದ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿದಳು. ಯಾರೂ ಹೇಳಿಕೊಟ್ಟಿದ್ದಲ್ಲ, ನೋಡಿ ಕಲಿತದ್ದು. ಗ್ವಾಟೆಮಾಲಾದ ಸ್ಯಾನ್ ಪೆಡ್ರೊ ಊರಿನ ಮಾಯಾ ಮಕ್ಕಳೂ ದೊಡ್ಡವರ ಕೆಲಸದ ನಡುವೆ ಹೀಗೆಯೇ ಕಲಿಯುತ್ತಾರೆಂದು ಮನೋವಿಜ್ಞಾನಿ ಬಾರ್ಬರಾ ರೋಗಾಫ್ ಬರೆದಿದ್ದಾರೆ. ಹೊಲ ಮಗುವಿಗೆ ಶಾಲೆಯೇ. ಅದನ್ನು ಹಿಂದುಳಿದ ಬಾಳು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಕಡಲೆ ಕೀಳುವ ಕಾಲ ಬೇರೆ. ಬಿಸಿಲೇರಿದರೆ ಕಾಯಿ ಉದುರುತ್ತವೆ, ಹಾಗಾಗಿ ಇಬ್ಬನಿ ಆರುವ ಮೊದಲೇ ಅವ್ವಂದಿರು ಹೊಲದಲ್ಲಿರಬೇಕು. ಅಂಗನವಾಡಿ ಆಗ ತೆರೆದಿರುವುದಿಲ್ಲ. ಅಜ್ಜಿ ಇಲ್ಲದ ಮನೆಯ ಕೂಸು ಚಳಿಯಲ್ಲಿ ಬದುವಿನ ಮೇಲೆ ಮಲಗುತ್ತದೆ.

2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು, ಮುಖ್ಯವಾಗಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ. ಒಳ್ಳೆಯ ಕೆಲಸ. ಸ್ವಂತ ಹೊಲದಲ್ಲಿ, ಪರರ ಹೊಲದಲ್ಲಿ ದುಡಿಯುವ ತಾಯಂದಿರಿಗೂ ಅದು ಸಿಗಲಿ. ಸುಗ್ಗಿಯಲ್ಲಿ ನಸುಕಿಗೇ ಬಾಗಿಲು ತೆರೆಯಲಿ, ಬಿಸಿ ಹಾಲು ಇರಲಿ, ಕೂಸನ್ನು ಎತ್ತಿಕೊಳ್ಳಲು ಊರಿನ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಡಲಿ.