ಆಷಾಢದ ಲೆಕ್ಕ ಹಾಕಿ ಕೆಲಸಕ್ಕೆ ಸೇರಿ!

ಕನ್ನಡದ ಯುವ ಗೆಳೆಯರೇ,

ನನ್ನ ಪ್ರೆಸ್ಸಿನ ಕಪಾಟಿನಲ್ಲಿ ಒಂದು ರಟ್ಟಿನ ಡಬ್ಬಿ ಇದೆ. ಅದರ ತುಂಬ ವಿಸಿಟಿಂಗ್ ಕಾರ್ಡುಗಳು. ದುಬಾರಿ ಕಾರು ಮಾರುವ ಒಂದು ಷೋರೂಮಿಗೆ ಎಂಟು ವರ್ಷದಿಂದ ಕಾರ್ಡು ಮಾಡಿಕೊಡುತ್ತಿದ್ದೇನೆ. ದಪ್ಪ ಆರ್ಟ್ ಕಾರ್ಡು, ಮುಂದಿನ ಮಗ್ಗುಲಿಗೆ ಮ್ಯಾಟ್ ಲ್ಯಾಮಿನೇಷನ್, ಹಿಂದಿನ ಮಗ್ಗುಲು ಖಾಲಿ. ಎಂಟು ವರ್ಷದಲ್ಲಿ ಡಿಸೈನ್ ಬದಲಾಗಿಲ್ಲ. 'ಸೇಲ್ಸ್ ಕನ್ಸಲ್ಟೆಂಟ್' ಎಂಬ ಹುದ್ದೆಯೂ ಬದಲಾಗಿಲ್ಲ. ಬದಲಾಗುವುದು ಹೆಸರು ಮಾತ್ರ! ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಫೋನ್ ಬರುತ್ತದೆ. "ಹಳೇ ಮ್ಯಾಟರ್ರೇ ಸಾರ್, ಹೆಸರು, ನಂಬರ್ ಮಾತ್ರ ಚೇಂಜು." ಕೆಲವು ಸಲ ಕಾರ್ಡು ಕತ್ತರಿಸಿ ಕಟ್ಟುವಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿರುತ್ತಾನೆ. ಡಬ್ಬಿಯಲ್ಲಿರುವುದು ಅಂಥ ಕಾರ್ಡುಗಳೇ. ಅವುಗಳ ಬೆನ್ನಿನ ಮೇಲೆ ನಾನು ಪೇಪರ್ ರೀಮಿನ ಲೆಕ್ಕ ಬರೆದುಕೊಳ್ಳುತ್ತೇನೆ.

ಕಳೆದ ವಾರ ಆ ಡಬ್ಬಿಯನ್ನು ಒಬ್ಬ ಹುಡುಗನ ಮುಂದೆ ಸುರಿದೆ. ಇಪ್ಪತ್ತು ವರ್ಷ ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡಿದವರ ಮಗ ಅವನು. ಅಪ್ಪ ಈಗಿಲ್ಲ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಬೈಕು ಮಾರುತ್ತಿದ್ದಾನೆ. ಸಂಬಳ 17 ಸಾವಿರ, ಮಾರಿದ ಬೈಕಿನ ಲೆಕ್ಕದಲ್ಲಿ ಮೇಲೆ ನಾಲ್ಕೈದು ಸಾವಿರ. ಈಗ ದುಬಾರಿ ಕಾರಿನ ಷೋರೂಮೊಂದು ಅವನನ್ನು ಕರೆದಿದೆ. 22 ಸಾವಿರ ಸಂಬಳ, ಮೇಲೆ ಇನ್ಸೆಂಟಿವ್. "ಒಳ್ಳೇ ತಿಂಗಳಲ್ಲಿ 50 ಸಾವಿರ ದಾಟುತ್ತೆ" ಎಂದು ಮ್ಯಾನೇಜರ್ ಆಸೆ ಹುಟ್ಟಿಸಿದ್ದಾನೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು.

"ಅಣ್ಣಾ, ಏನ್ಮಾಡ್ಲಿ?" ಅಂದ. ಅವನಿಗೆ ಎರಡು ಭಯ. ಈಗಿರುವುದನ್ನೂ ಕಳೆದುಕೊಂಡರೆ ಎಂಬುದು ಒಂದು. ಎರಡನೆಯದನ್ನು ತಲೆ ತಗ್ಗಿಸಿ ಹೇಳಿದ: "ಅಲ್ಲಿ ಎಲ್ಲಾ ಇಂಗ್ಲಿಷ್ ಅಣ್ಣಾ."

ಇದು ಅವನೊಬ್ಬನ ಪ್ರಶ್ನೆ ಅಲ್ಲ. ಲ್ಯಾವೆಲ್ಲೆ ರಸ್ತೆಯಲ್ಲೋ ಹೊಸೂರು ರಸ್ತೆಯಲ್ಲೋ ಗಾಜಿನ ಷೋರೂಮಿನ ಮುಂದೆ ನಿಂತು ಒಳಗೆ ಇಣುಕಿದ ನಿಮ್ಮೆಲ್ಲರ ಪ್ರಶ್ನೆ. ಅದಕ್ಕೇ ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತಿದ್ದೇನೆ.

ಗಾಜಿನ ಹಿಂದೆ ಏನಿದೆ?

ಮೊದಲು ಕಣ್ಣಿನ ಪೊರೆ ಕಳಚಿ. ಬಾಗಿಲ ಮೇಲೆ ಹೊಳೆಯುವ ಹೆಸರು ಜರ್ಮನಿಯದು. ಆದರೆ ನಿಮಗೆ ಸಂಬಳ ಕೊಡುವವನು ಸಾಮಾನ್ಯವಾಗಿ ಇಲ್ಲಿಯ ಡೀಲರ್. ಜರ್ಮನಿ ಕಂಪನಿಗೆ ಸೇರಿದೆ ಎಂದು ಊರಲ್ಲಿ ಹೇಳಿಕೊಳ್ಳಬಹುದು, ಸಂಬಳದ ಚೀಟಿಯಲ್ಲಿ ಡೀಲರ್ ಹೆಸರೇ ಇರುತ್ತದೆ.

ಈ ಸಂತೆ ಎಷ್ಟು ದೊಡ್ಡದು? ನಮ್ಮ ದೇಶದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾಗುತ್ತವೆ. ಅದರಲ್ಲಿ ದುಬಾರಿ ಕಾರುಗಳು ಸುಮಾರು 50 ಸಾವಿರ. ಅಂದರೆ ನೂರಕ್ಕೆ ಒಂದು! ಆ ಒಂದನ್ನು ಎಲ್ಲ ಕಂಪನಿಗಳ, ಎಲ್ಲ ಊರುಗಳ ಷೋರೂಮುಗಳು ಹಂಚಿಕೊಳ್ಳಬೇಕು. ಬೈಕು ಮಾರುವವನಿಗೆ ಇವತ್ತು ಒಬ್ಬ ಗಿರಾಕಿ ಹೋದರೆ ಸಂಜೆಗೆ ಇನ್ನೊಬ್ಬ ಬರುತ್ತಾನೆ. ಇಲ್ಲಿ ಒಬ್ಬ ಗಿರಾಕಿಯ ಹಿಂದೆ ಎರಡು ಮೂರು ತಿಂಗಳು ಓಡಾಡಿ, ಟೆಸ್ಟ್ ಡ್ರೈವ್ ಕೊಟ್ಟು, ಮನೆಗೆ ಹೋಗಿ ಕಾದು, ಕೊನೆಗೆ ಅವನು ಪಕ್ಕದ ಷೋರೂಮಿನಲ್ಲಿ ಬುಕ್ ಮಾಡಿದರೆ ನಿಮಗೆ ಸಿಗುವುದು ಸೊನ್ನೆ.

ಇನ್ನೊಂದು ಲೆಕ್ಕ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ರಸ್ತೆ ತೆರಿಗೆ ಶೇಕಡಾ 18. 60 ಲಕ್ಷದ ಕಾರಿಗೆ 10 ಲಕ್ಷ 80 ಸಾವಿರ, ಉಪಕರ ಬೇರೆ. 22 ಸಾವಿರ ಸಂಬಳದವನ ನಾಲ್ಕು ವರ್ಷದ ದುಡಿಮೆಗಿಂತ ಒಂದು ಕಾರಿನ ತೆರಿಗೆ ಹೆಚ್ಚು! ಇದನ್ನು ಹೇಳುವುದು ಹೊಟ್ಟೆಕಿಚ್ಚಿಗಲ್ಲ. ದಿನವಿಡೀ ಅಂಥ ಅಂಕಿ ಬಾಯಲ್ಲಿ ಆಡಿ ಆಡಿ, ಸಾವಿರಕ್ಕೆ ಬೆಲೆಯೇ ಇಲ್ಲ ಎನಿಸಿಬಿಡುತ್ತದೆ. ಗಿರಾಕಿಯ ಷೂ ನೋಡಿ ಷೂ, ಫೋನು ನೋಡಿ ಫೋನು, ಎಲ್ಲವೂ ಕಂತಿನಲ್ಲಿ. ಆ ಡಬ್ಬಿಯಲ್ಲಿರುವ ಹೆಸರುಗಳಲ್ಲಿ ಇಬ್ಬರು ನನ್ನ ಹತ್ತಿರವೇ ಕೈಸಾಲ ಕೇಳಲು ಬಂದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಷಾಢದಲ್ಲಿ ಏನು ತಿನ್ನುತ್ತೀರಿ?

ಒಳ್ಳೇ ತಿಂಗಳ ಲೆಕ್ಕ ಮ್ಯಾನೇಜರ್ ಹೇಳುತ್ತಾನೆ. ಕೆಟ್ಟ ತಿಂಗಳ ಲೆಕ್ಕ ನೀವೇ ಹಾಕಬೇಕು. ಯುಗಾದಿಗೆ, ಆಯುಧಪೂಜೆಗೆ, ದೀಪಾವಳಿಗೆ ಗಾಡಿ ಹೋಗುತ್ತವೆ. ಆಷಾಢದಲ್ಲಿ? ಪಿತೃಪಕ್ಷದಲ್ಲಿ? ಕೋಟಿ ರೂಪಾಯಿ ಇದ್ದವನ ಮನೆಯಲ್ಲೂ ಅಜ್ಜಿ ಇರುತ್ತಾಳೆ ಸ್ವಾಮಿ! "ಶ್ರಾವಣ ಬರಲಿ" ಅನ್ನುತ್ತಾಳೆ. ಮದುವೆ ಪತ್ರಿಕೆ ಇಲ್ಲದೆ ಮೆಷಿನ್ ನಿಲ್ಲಿಸಿ ಕೂರುವ ನನಗೆ ಆಷಾಢ ಏನೆಂದು ಚೆನ್ನಾಗಿ ಗೊತ್ತು.

ಪಂಚಾಂಗದ ಆಷಾಢವಾದರೆ ಮೊದಲೇ ಗೊತ್ತಿರುತ್ತದೆ, ಸರ್ಕಾರದ ಆಷಾಢ ಹೇಳಿ ಬರುವುದಿಲ್ಲ. 2025ರ ಆಗಸ್ಟ್ 15ರಂದು ಜಿ.ಎಸ್.ಟಿ. ಇಳಿಕೆಯ ಮಾತು ಹೊರಬಿತ್ತು. ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ದೊಡ್ಡ ಕಾರಿನ ಮೇಲೆ ಸೆಸ್ ಸೇರಿ ಶೇಕಡಾ 50ರವರೆಗೂ ಇದ್ದ ತೆರಿಗೆ 40ಕ್ಕೆ ಇಳಿಯಿತು. ಗಿರಾಕಿಗೆ ಲಾಭವೇ. ಆದರೆ ನಡುವಿನ ಐದು ವಾರ ಜನ ಕೈ ಕಟ್ಟಿ ಕಾದರು. ಅದರಲ್ಲಿ ಮಾರುವ ಹುಡುಗನ ತಪ್ಪೇನು? ಏನೂ ಇಲ್ಲ. ಆದರೂ ಟಾರ್ಗೆಟ್ ಅವನದೇ!

ಆದ್ದರಿಂದ ಹುಡುಗನಿಗೆ ಹೇಳಿದೆ: "50 ಸಾವಿರ ಮರೆತುಬಿಡು. ಒಂದು ಗಾಡಿಯೂ ಹೋಗದ ತಿಂಗಳಲ್ಲಿ ಕೈಗೆ ಎಷ್ಟು ಬರುತ್ತೆ? ಅದರಲ್ಲಿ ಮನೆ ನಡೆಯುತ್ತಾ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕು."

ಕಾರ್ಡಿನ ಬೆನ್ನ ಮೇಲೆ ಇಬ್ಬರೂ ಲೆಕ್ಕ ಬರೆದೆವು. ಬರೆಯುವಾಗ ಒಂದು ವಿಷಯ ಹೊರಗೆ ಬಂತು. ಅವನ ತಾಯಿಗೆ ಸಕ್ಕರೆ ಕಾಯಿಲೆ. ಔಷಧಿ ನಡೆಯುತ್ತಿರುವುದು ಮಗನ ಇ.ಎಸ್.ಐ. ಕಾರ್ಡಿನಲ್ಲಿ. 2017ರಲ್ಲಿ ನಿಗದಿಯಾದ ಇ.ಎಸ್.ಐ. ಮಿತಿ 21 ಸಾವಿರ. 22 ಸಾವಿರದ ಕೆಲಸಕ್ಕೆ ಹೋದರೆ ಇವತ್ತಲ್ಲದಿದ್ದರೂ ಕೆಲವು ತಿಂಗಳಲ್ಲಿ ಆ ಸೌಲಭ್ಯ ನಿಲ್ಲುತ್ತದೆ. ಹುಡುಗ ಪೆನ್ನು ಕೆಳಗಿಟ್ಟ. ಸಂಬಳ ಏರಿತು ಎಂದುಕೊಂಡವನಿಗೆ ತಾಯಿಯ ಔಷಧಿಯ ಖರ್ಚು ಲೆಕ್ಕದಲ್ಲೇ ಇರಲಿಲ್ಲ.

ಬಾಯಿ ಮಾತು ಬೇಡ, ಕಾಗದ ಕೇಳಿ

ನಾನು ಕಾಗದದ ಮೇಲೆ ಬದುಕುವವನು. ಕಾಗದದಲ್ಲಿ ಇಲ್ಲದ ಮಾತನ್ನು ನಂಬುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ. ಅದನ್ನು ಕೇಳಲು ಹೆದರಬೇಡಿ, ಅದು ಭಿಕ್ಷೆಯಲ್ಲ.

ಪ್ರೊಬೇಷನ್ ಎಷ್ಟು ತಿಂಗಳು, ಆಗ ಇನ್ಸೆಂಟಿವ್ ಉಂಟೋ ಇಲ್ಲವೋ? ಟಾರ್ಗೆಟ್ ಮುಟ್ಟದಿದ್ದರೆ ಸಂಬಳಕ್ಕೆ ಕತ್ತರಿ ಬೀಳುತ್ತದೆಯೇ? ಇನ್ಸೆಂಟಿವ್ ಲೆಕ್ಕ ಬುಕಿಂಗಿಗೋ, ಡೆಲಿವರಿಗೋ? ಬುಕಿಂಗ್ ರದ್ದಾದರೆ ಕೊಟ್ಟದ್ದನ್ನು ವಾಪಸ್ ಹಿಡಿಯುತ್ತಾರೆಯೇ? 2021ರಿಂದ ಮರ್ಸಿಡಿಸ್-ಬೆಂಜ್ ಕಂಪನಿ ಬೆಲೆಯನ್ನು ತಾನೇ ನಿಗದಿ ಮಾಡಿ, ತನ್ನ ಹೆಸರಲ್ಲೇ ಬಿಲ್ ಕೊಟ್ಟು, ಡೀಲರಿಗೆ ಕಮಿಷನ್ ಕೊಡುವ ಪದ್ಧತಿ ತಂದಿತು. ಒಂದೊಂದು ಕಡೆ ಒಂದೊಂದು ಲೆಕ್ಕ, ಕೇಳದೆ ತಿಳಿಯುವುದಿಲ್ಲ. ಟೆಸ್ಟ್ ಡ್ರೈವಿನಲ್ಲಿ ಗಾಡಿ ತಗುಲಿದರೆ ವಿಮೆಗೆ ಸೇರದ ಖರ್ಚು ಯಾರದು? ಭಾನುವಾರ ಕೆಲಸವಾದರೆ ವಾರದ ರಜೆ ಯಾವತ್ತು? ಮನೆಯವರಿಗೆ ಆರೋಗ್ಯ ವಿಮೆ ಉಂಟೇ, ತಾಯಿಯನ್ನೂ ಸೇರಿಸುತ್ತಾರೆಯೇ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಂದಲೇ ಎದ್ದು ಬನ್ನಿ!

ಇನ್ನು ಇಂಗ್ಲಿಷ್ ಭಯ

ಈಗ ಒಂದು ಗುಟ್ಟು ಹೇಳುತ್ತೇನೆ. 2000ನೇ ಇಸವಿಯಲ್ಲಿ, ಪಿಯುಸಿ ಮುಗಿಸಿದ್ದ ನನಗೂ ಒಂದು ಕಾರಿನ ಷೋರೂಮಿನಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಇಸ್ತ್ರಿ ಮಾಡಿದ ಷರಟು ಹಾಕಿ ಬಾಗಿಲವರೆಗೆ ಹೋದೆ. ಒಳಗೆ ಹುಡುಗರು ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದರು. ಐದು ನಿಮಿಷ ನಿಂತು ಬಸ್ ಹತ್ತಿ ವಾಪಸ್ ಬಂದೆ. ಮನೆಯಲ್ಲಿ "ಕೆಲಸ ಖಾಲಿ ಇಲ್ಲವಂತೆ" ಎಂದು ಸುಳ್ಳು ಹೇಳಿದೆ. ನಾನು ಇಂಟರ್‌ವ್ಯೂನಲ್ಲಿ ಸೋಲಲಿಲ್ಲ ಗೆಳೆಯರೇ, ಇಂಟರ್‌ವ್ಯೂಗೇ ಹೋಗಲಿಲ್ಲ! ಪ್ರೆಸ್ಸು ನನಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ದುಃಖವಿಲ್ಲ. ಆದರೆ ಯಾರೂ "ಬೇಡ" ಅನ್ನುವ ಮೊದಲೇ ನನಗೆ ನಾನೇ "ಬೇಡ" ಅಂದುಕೊಂಡೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಈ ಕಾರು ಕೊಳ್ಳುವವರು ಯಾರು? ಐಟಿಯವರು ಉಂಟು, ಹೊರಗಿನಿಂದ ಬಂದವರು ಉಂಟು. ಹಾಗೆಯೇ ದೇವನಹಳ್ಳಿ ಕಡೆ ಜಮೀನು ಮಾರಿದವರು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರು, ಗುತ್ತಿಗೆದಾರರು, ಡಾಕ್ಟರುಗಳೂ ಉಂಟು. ತೋಟದ ಕಲ್ಲು ರಸ್ತೆಗೆ ಈ ಗಾಡಿಯ ಹೊಟ್ಟೆ ತಾಗುತ್ತದೋ ಇಲ್ಲವೋ ಎಂದು ಬೆಳೆಗಾರನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಹುಡುಗ ಮೂಲೆಯಲ್ಲಿ ನಿಲ್ಲಬೇಕೇ? 2022ರ ಜನವರಿಯಲ್ಲಿ ತುಮಕೂರಿನ ಒಂದು ಷೋರೂಮಿನಲ್ಲಿ ನಡೆದದ್ದು ನೆನಪಿಸಿಕೊಳ್ಳಿ. ಪಿಕಪ್ ಗಾಡಿ ಕೊಳ್ಳಲು ಹೋದ ಯುವ ರೈತನನ್ನು ಜೇಬಲ್ಲಿ ಹತ್ತು ರೂಪಾಯಿ ಇಲ್ಲದವನೆಂದು ಹೀಯಾಳಿಸಿದರೆಂದೂ, ಆತ ಅಷ್ಟರಲ್ಲೇ ಹತ್ತು ಲಕ್ಷ ತಂದು ತೋರಿಸಿದನೆಂದೂ ದೇಶಕ್ಕೆಲ್ಲ ಸುದ್ದಿಯಾಯಿತು. ಅಂಗಿ ನೋಡಿ ಗಿರಾಕಿಯನ್ನು ಅಳೆಯುವವನು ವ್ಯಾಪಾರವನ್ನೂ ಕಳೆಯುತ್ತಾನೆ, ಮಾನವನ್ನೂ ಕಳೆಯುತ್ತಾನೆ. ಮಾತು ಬಲ್ಲವ ಮಾಣಿಕ್ಯ ತಂದ!

ಹಾಗೆಂದು ಕನ್ನಡ ಇದೆ, ಇನ್ನೇನೂ ಬೇಡ ಎಂದು ಕೂರಬೇಡಿ. ಕಾರಿನ ವಿಷಯ ಮಾತಾಡುವಷ್ಟು ಇಂಗ್ಲಿಷನ್ನು ಆರು ತಿಂಗಳು ಹಟ ಹಿಡಿದು ಕಲಿಯಿರಿ. ಅದು ಸ್ಪ್ಯಾನರ್ ಇದ್ದ ಹಾಗೆ, ಕೆಲಸದ ಸಾಮಾನು. ಸ್ಪ್ಯಾನರ್ ಹಿಡಿಯಲು ಬರದಿದ್ದರೆ ಕಲಿಯುತ್ತೀರಿ, ನಾಚಿಕೆಪಟ್ಟು ಮನೆಗೆ ಓಡುವುದಿಲ್ಲ.

ಕೊನೆಗೆ ಹುಡುಗನಿಗೆ ಹೇಳಿದ್ದು ಇಷ್ಟು: "ಹೆದರಿ ಬಿಡಬೇಡ, ಮರುಳಾಗಿ ಹಿಡಿಯಬೇಡ. ಸೋಮವಾರ ಹೋಗಿ ಕಾಗದ ಕೇಳು. ಕಾಗದ ಕೊಡದಿದ್ದರೆ ಬೈಕೇ ಮಾರು, ಅದೂ ಮರ್ಯಾದೆಯ ದುಡಿಮೆ. ಕೊಟ್ಟು, ಗಾಡಿ ಹೋಗದ ತಿಂಗಳಲ್ಲೂ ತಾಯಿಯ ಔಷಧಿ ನಡೆಯುವ ಹಾಗಿದ್ದರೆ ಧೈರ್ಯವಾಗಿ ಸೇರು. ನಾಲ್ಕು ತಿಂಗಳ ಮನೆಖರ್ಚು ಕೂಡಿಡುವವರೆಗೆ ಹೊಸ ಫೋನ್ ಬೇಡ."

ಅವನ ಕಾರ್ಡು ನಾನೇ ಪುಕ್ಕಟೆ ಮಾಡಿಕೊಡುತ್ತೇನೆ. ಅವರು ಒಪ್ಪಿದರೆ ಖಾಲಿ ಬೆನ್ನಿನ ಮೇಲೆ ಅವನ ಹೆಸರು ಕನ್ನಡದಲ್ಲಿ ಬರುತ್ತದೆ. ಮೊದಲಿಗೆ ನೂರೇ ಕಾರ್ಡು. ಎರಡನೇ ನೂರಕ್ಕೆ ಅವನೇ ಬಂದು ಕೇಳಬೇಕು. ಆ ಹೆಸರು ನನ್ನ ರಟ್ಟಿನ ಡಬ್ಬಿಗೆ ಬೀಳಬಾರದು.

ನಿಮ್ಮ ಹೆಸರೂ ಬೀಳಬಾರದು ಗೆಳೆಯರೇ! ಲೆಕ್ಕ ಹಾಕಿ, ಕಾಗದ ಓದಿ, ಆಮೇಲೆ ತಲೆ ಎತ್ತಿ ಒಳಗೆ ಹೋಗಿ.