ದೊಡ್ಡ ಗಾತ್ರದ ಎಳೆಗರುವಿನ ಪೋಷಣೆ

ಹಸು ಈದ ಮನೆಯಲ್ಲಿ ಕರುವು ಅಸಾಧಾರಣವಾದ ಗಾತ್ರದಿಂದ ಹುಟ್ಟಿತೆಂದರೆ ಅದನ್ನು ಭಾಗ್ಯದ ಲಕ್ಷಣವೆಂದು ಎಣಿಸುವ ವಾಡಿಕೆಯು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದ ಬಂದಿದೆ. ನೆರೆಹೊರೆಯವರು ನೋಡಲು ಬರುವರು. ಯಜಮಾನನು ಹೋರಿಯ ತಳಿಯನ್ನು ಕೊಂಡಾಡುವನು. ಈ ಸಂತೋಷವು ಸಹಜವಾದುದೇ. ಆದರೆ ಹುಟ್ಟಿದ ದಿನದ ಗಾತ್ರವನ್ನೇ ಲಾಭವೆಂದು ತಿಳಿಯುವುದು ಸರಿಯಲ್ಲವೆಂದೂ, ಅಂತಹ ಕರುವಿಗೂ ಅದರ ತಾಯಿಗೂ ಇತರ ರಾಸುಗಳಿಗಿಂತ ಅಪಾಯವು ಹೆಚ್ಚೆಂದೂ, ಮೊದಲ ಆರು ಗಂಟೆಗಳ ಆರೈಕೆಯೇ ಆ ಕರುವಿನ ಅಳಿವು ಉಳಿವುಗಳನ್ನು ನಿರ್ಣಯಿಸುವುದೆಂದೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರಬಯಸುತ್ತೇನೆ.

ಮೊದಲು ‘ದೊಡ್ಡ ಕರು’ ಎಂದರೆ ಯಾವುದೆಂಬುದನ್ನು ವಿಚಾರಿಸೋಣ. ಶುದ್ಧ ಹೋಲ್‌ಸ್ಟೈನ್ ಫ್ರೀಸಿಯನ್ ಕರುವು ಹುಟ್ಟಿದಾಗ ಸುಮಾರು 40 ಕಿಲೋಗ್ರಾಂ ತೂಗುವುದು; ಜರ್ಸಿ ಕರುವು ಸುಮಾರು 25; ನಮ್ಮ ನಾಡತಳಿಯ ಕರುಗಳು ಸುಮಾರು 20. ಆದುದರಿಂದ ಕರುವಿನ ತೂಕವನ್ನು ತಾಯಿಯ ತೂಕದೊಡನೆ ಹೋಲಿಸಿ ನೋಡತಕ್ಕದ್ದು. ಸಾಮಾನ್ಯವಾಗಿ ಕರುವು ತಾಯಿಯ ತೂಕದಲ್ಲಿ ನೂರಕ್ಕೆ ಏಳು ಪಾಲಿನಷ್ಟಿರುವುದು. 600 ಕಿಲೋಗ್ರಾಂ ತೂಗುವ ಹಸುವಿಗೆ 40 ಕಿಲೋಗ್ರಾಂ ಕರುವು ಹೊರೆಯಲ್ಲ. 300 ಕಿಲೋಗ್ರಾಂ ತೂಗುವ ಹಸುವಿಗೆ ಅದೇ ಕರುವು ಪ್ರಾಣಸಂಕಟವಾಗಬಹುದು. ಒಬ್ಬರು ಕರುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ತಮ್ಮ ತೂಕವನ್ನು ಕಳೆದರೆ ಕರುವಿನ ತೂಕವು ತಿಳಿಯುವುದು. ಕಣ್ಣಂದಾಜನ್ನು ನಂಬಬಾರದು.

ಇಂತಹ ಕರುಗಳು ನಮ್ಮಲ್ಲಿ ಹೆಚ್ಚಲು ಕಾರಣವು ಮಿಶ್ರತಳಿ. 1939ರಲ್ಲಿ ಮೈಸೂರು ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಎಂಬವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಹೋರಿಯ ವೀರ್ಯದಿಂದ ಗಬ್ಬ ಕಟ್ಟಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯು ಆರಂಭವಾದುದು ಅಲ್ಲಿಯೇ. ಅಂದು ಒಂದು ಕ್ಷೇತ್ರದಲ್ಲಿ ಪ್ರಯೋಗವಾಗಿದ್ದುದು ಇಂದು ಪ್ರತಿ ಹೋಬಳಿಯಲ್ಲಿಯೂ ನಡೆಯುತ್ತಿದೆ. ಹಾಲಿನ ಇಳುವರಿಯು ಇದರಿಂದ ಹೆಚ್ಚಿತೆಂಬುದು ನಿರ್ವಿವಾದ. ಆದರೆ ದೊಡ್ಡ ತಳಿಯ ಹೋರಿಯನ್ನು ಸಣ್ಣ ಹಸುವಿಗೆ ಕೂಡಿಸುವಾಗ ಇರಬೇಕಾದ ವಿವೇಚನೆಯು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.

ಪ್ರಕೃತಿಯು ಇದಕ್ಕೆ ಒಂದು ತಡೆಯನ್ನು ಇಟ್ಟಿದೆ. ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಪಂಡಿತರು ಭಾರಿ ಗಾತ್ರದ ಶೈರ್ ಕುದುರೆಯನ್ನೂ ಕುಳ್ಳಾದ ಶೆಟ್ಲೆಂಡ್ ಕುದುರೆಯನ್ನೂ ಎರಡು ಬಗೆಯಾಗಿ ಕೂಡಿಸಿ ಪರೀಕ್ಷಿಸಿ, ಫಲಿತಾಂಶವನ್ನು 1938ರಲ್ಲಿ ಪ್ರಕಟಿಸಿದರು. ತಂದೆ ತಾಯಿಗಳ ತಳಿಗಳು ಅವೇ ಆಗಿದ್ದರೂ ಶೈರ್ ತಾಯಿಯ ಮರಿಯು ಹುಟ್ಟುವಾಗ ಶೆಟ್ಲೆಂಡ್ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ತೂಕವಾಗಿತ್ತು. ತಾಯಿಯ ಗರ್ಭವು ಮರಿಯ ಗಾತ್ರವನ್ನು ಹತೋಟಿಯಲ್ಲಿಡುವುದೆಂಬುದು ಇದರಿಂದ ಸಿದ್ಧವಾಯಿತು. ದನಗಳಲ್ಲಿಯೂ ಈ ಹತೋಟಿಯುಂಟು. ಆದರೆ ಅದು ಪೂರ್ಣವಾದುದಲ್ಲ. ಅದನ್ನೇ ನಂಬಿ ಕಡಸುಗಳಿಗೆ ಭಾರಿ ಹೋರಿಯ ವೀರ್ಯವನ್ನು ಕೊಡಿಸುವುದು ಜೂಜಾಟವೇ ಸರಿ.

ಪ್ರಸವಕಾಲದ ವಿಷಯ. ಎರಡು ಮುಂಗಾಲುಗಳೂ ಅವುಗಳ ಮೇಲೆ ಮಲಗಿದಂತೆ ಮುಖವೂ ಮೊದಲು ಕಾಣುವುದು ಸರಿಯಾದ ಕ್ರಮ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರುವು ಮುಂದೆ ಬಾರದಿದ್ದರೆ, ಅಥವಾ ಬೇರೆ ಅಂಗವು ಮೊದಲು ಕಂಡರೆ, ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಎಳೆಯಲೇಬೇಕಾದಾಗ ಇಬ್ಬರ ಬಲಕ್ಕಿಂತ ಹೆಚ್ಚು ಕೂಡದು. ಹಸು ಮುಕ್ಕಿದಾಗ ಮಾತ್ರ ಎಳೆದು, ಅದು ನಿಲ್ಲಿಸಿದಾಗ ನಿಲ್ಲಿಸಬೇಕು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದಾಗಲಿ ಎತ್ತುಗಳಿಂದಾಗಲಿ ಎಳೆಯಿಸುವುದು ಕ್ರೌರ್ಯ. ಹೀಗೆ ಎಳೆಯಿಸಿದ ಹಸುವಿನ ಹಿಂಗಾಲುಗಳ ನರಗಳು ಜಜ್ಜಿಹೋಗಿ ಅದು ಮತ್ತೆ ಏಳದೆ ಇರುವುದುಂಟು.

ಇನ್ನು ಹುಟ್ಟಿದ ಕರುವಿನ ವಿಚಾರ. ಕಷ್ಟದಿಂದ ಹುಟ್ಟಿದ ದೊಡ್ಡ ಕರುವು ನೋಡಲು ಬಲವಾಗಿದ್ದರೂ ವಾಸ್ತವವಾಗಿ ಬಳಲಿರುತ್ತದೆ. ಅದರ ನಾಲಿಗೆಯು ಊದಿರಬಹುದು, ಏಳಲು ತಡಮಾಡುವುದು, ಮೊಲೆಯನ್ನು ಹುಡುಕಲಾರದು. ಮೂಗು ಬಾಯಿಗಳ ಲೋಳೆಯನ್ನು ಒರೆಸಿ, ಒಣ ಹುಲ್ಲಿನಿಂದ ಮೈಯನ್ನು ಚೆನ್ನಾಗಿ ಉಜ್ಜಿ, ಅಡ್ಡಲಾಗಿ ಬಿದ್ದಿರಲು ಬಿಡದೆ ಎದೆಯ ಮೇಲೆ ಕೂರಿಸಬೇಕು. ಹೊಕ್ಕಳು ಬಳ್ಳಿಯನ್ನು ಟಿಂಚರ್ ಅಯೋಡಿನ್ನಿನಲ್ಲಿ ಅದ್ದಬೇಕು. ಇದಾದೊಡನೆ ಗಿಣ್ಣುಹಾಲನ್ನು ಕುಡಿಸತಕ್ಕದ್ದು.

ಗಿಣ್ಣುಹಾಲಿನ ಮಹತ್ತ್ವವನ್ನು ಎಷ್ಟು ಹೇಳಿದರೂ ಸಾಲದು. ಮನುಷ್ಯರ ಶಿಶುವು ರೋಗನಿರೋಧಕ ಶಕ್ತಿಯನ್ನು ಸ್ವಲ್ಪಮಟ್ಟಿಗೆ ಗರ್ಭದಲ್ಲಿಯೇ ತಾಯಿಯಿಂದ ಪಡೆಯುವುದು, ಕರುವು ಹಾಗಲ್ಲ. ಅದಕ್ಕೆ ಆ ಶಕ್ತಿಯು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ. ಅದನ್ನು ಹೀರಿಕೊಳ್ಳುವ ಕರುಳಿನ ಗುಣವು ಗಂಟೆ ಗಂಟೆಗೂ ಕುಗ್ಗುತ್ತ, ಒಂದು ದಿನ ಕಳೆಯುವಷ್ಟರಲ್ಲಿ ಪೂರ್ಣವಾಗಿ ನಿಂತುಹೋಗುವುದು. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣುಹಾಲು ಮೊದಲ ಆರು ಗಂಟೆಗಳೊಳಗೆ ಅದರ ಹೊಟ್ಟೆಯನ್ನು ಸೇರಬೇಕು. 20 ಕಿಲೋಗ್ರಾಂ ಕರುವಿಗೆ ಎರಡು ಲೀಟರು ಸಾಕು. 40 ಕಿಲೋಗ್ರಾಂ ಕರುವಿಗೆ ನಾಲ್ಕು ಲೀಟರು ಬೇಕು. ದೊಡ್ಡ ಕರುವಿಗೆ ಹೆಚ್ಚು ಬೇಕು, ಆದರೆ ತಾನಾಗಿ ಕುಡಿಯುವ ಶಕ್ತಿಯು ಅದಕ್ಕೇ ಕಡಮೆ. ಆದುದರಿಂದ ಕರೆದು, ಬಿಸಿಯಾರುವ ಮುನ್ನವೇ ಶುಚಿಯಾದ ಸೀಸೆಯಿಂದ ಎರಡು ಮೂರು ಸಲವಾಗಿ, ಉಸಿರುಗಟ್ಟದಂತೆ ನಿಧಾನವಾಗಿ ಕುಡಿಸಬೇಕು.

ಇದಕ್ಕೆ ಅಡ್ಡಿಯಾಗಿರುವುದು ಎರಡು ವಾಡಿಕೆಗಳು. ಮೊದಲನೆಯದು, ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬುದು. ಮಾಸು ಬೀಳಲು ಎಂಟು ಹತ್ತು ಗಂಟೆಯಾಗುವುದುಂಟು. ಅಷ್ಟರಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುವುದು. ಕರುವು ಮೊಲೆಯುಂಡರೆ ಗರ್ಭಕೋಶವು ಕುಗ್ಗಿ ಮಾಸು ಬೀಳುವುದಕ್ಕೆ ಸಹಾಯವೇ ಆಗುವುದು. ಎರಡನೆಯದು, ಗಿಣ್ಣನ್ನು ಮೊದಲು ಮನೆಗೂ ನಂಟರಿಷ್ಟರಿಗೂ ಹಂಚುವುದು. ಕೋಲಾರದ ಸೀಮೆಯ ಒಂದು ಗ್ರಾಮದಲ್ಲಿ ಇಂತಹ ಭಾರಿ ಕರುವೊಂದು ಬೆಳಗಿನ ಜಾವದಲ್ಲಿ ಹುಟ್ಟಿತ್ತು. ಅದಕ್ಕೆ ಅರಿಸಿನ ಕುಂಕುಮವಿಟ್ಟು ಆರತಿ ಎತ್ತಿದರು. ಗಿಣ್ಣು ಹತ್ತಾರು ಮನೆಗಳಿಗೆ ಹೋಯಿತು. ಕರುವಿಗೆ ಹೊಟ್ಟೆತುಂಬ ಹಾಲು ದೊರೆತುದು ಮರುದಿನ. ನಾಲ್ಕನೆಯ ದಿನ ಬಿಳಿ ಬೇಧಿ ಹತ್ತಿ, ಆರನೆಯ ದಿನ ಅದು ಸತ್ತಿತು. ಕಣ್ಣು ತಾಗಿತೆಂದು ಮನೆಯವರು ಹೇಳಿದರು. ಗಿಣ್ಣುಹಾಲನ್ನು ಕಾಯಿಸಿದೊಡನೆ ಗಟ್ಟಿಯಾಗುವಂತೆ ಮಾಡುವ ಪ್ರೋಟೀನುಗಳಲ್ಲಿ ಬಹುಪಾಲು ಕರುವನ್ನು ಕಾಯುವ ಶಕ್ತಿಯೇ ಆಗಿದೆ. ಪಾತ್ರೆಯಲ್ಲಿ ಕಟ್ಟಿದ ಗಿಣ್ಣು ಆ ಕರುವಿನ ಕವಚವಾಗಿತ್ತು. ಗಿಣ್ಣನ್ನು ಉಣ್ಣಬಾರದೆಂದು ನಾನು ಹೇಳುವುದಿಲ್ಲ. ಕರುವಿನ ಪಾಲು ಮೊದಲು, ಮನೆಯ ಪಾಲು ಆಮೇಲೆ ಎಂದಷ್ಟೇ ನನ್ನ ಬಿನ್ನಹ.

ಮೊದಲ ದಿನವನ್ನು ದಾಟಿದ ಕರುವಿಗೆ ಮುಂದೆ ಬರುವ ಕಂಟಕವು ಅರೆಹೊಟ್ಟೆ. ಮೊದಲ ತಿಂಗಳು ದಿನಕ್ಕೆ ತೂಕದ ಹತ್ತನೆಯ ಒಂದು ಭಾಗ, ಎರಡನೆಯ ತಿಂಗಳು ಹದಿನೈದನೆಯ ಒಂದು ಭಾಗ, ಮೂರನೆಯ ತಿಂಗಳು ಇಪ್ಪತ್ತನೆಯ ಒಂದು ಭಾಗ ಹಾಲು ಕೊಡತಕ್ಕದ್ದು. ಎರಡನೆಯ ವಾರದಿಂದ ಎಳೆಯ ಹುಲ್ಲು, ಕರುವಿನ ಮೇವಿನ ಪುಡಿ, ಶುಚಿಯಾದ ನೀರು ಎದುರಿಗಿರಬೇಕು. ಜಂತುಹುಳುವಿನ ಔಷಧವನ್ನು ಪಶುವೈದ್ಯರ ಸಲಹೆಯಂತೆ ಕುಡಿಸಬೇಕು. 40 ಕಿಲೋಗ್ರಾಂ ಕರುವಿಗೆ ಮೊದಲ ತಿಂಗಳಲ್ಲಿಯೇ ಸುಮಾರು 120 ಲೀಟರು ಹಾಲು ಬೇಕಾಗುವುದು. ಡೈರಿಗೆ ಹಾಕುವ ಹಾಲಿನಲ್ಲಿ ಇಷ್ಟನ್ನು ಬಿಡಲು ಯಾವ ಯಜಮಾನನಿಗೂ ಮನಸ್ಸು ಹಿಂಜರಿಯುವುದು ನಿಜ. ಆದರೆ ಲೆಕ್ಕವನ್ನು ನೋಡಿರಿ. 24 ಕಿಲೋಗ್ರಾಂ ತೂಕದ ಕರುವು ಚೆನ್ನಾಗಿ ಉಂಡು ದಿನಕ್ಕೆ 500 ಗ್ರಾಂ ಬೆಳೆದರೆ 90 ದಿನಗಳಲ್ಲಿ 69 ಕಿಲೋಗ್ರಾಂ ಆಗುವುದು. 40 ಕಿಲೋಗ್ರಾಂ ಕರುವು ಅರೆಹೊಟ್ಟೆಯಲ್ಲಿ ದಿನಕ್ಕೆ 200 ಗ್ರಾಂ ಬೆಳೆದರೆ 58 ಕಿಲೋಗ್ರಾಂ ಮಾತ್ರ. ಹುಟ್ಟಿದಾಗ ಇದ್ದ ಹೆಗ್ಗಳಿಕೆಯು ಮೂರೇ ತಿಂಗಳಲ್ಲಿ ಕರಗಿಹೋಗುವುದು.

ಕೊನೆಯದಾಗಿ, ಇಂತಹ ಅಪಾಯವನ್ನು ಮೊದಲೇ ತಪ್ಪಿಸುವ ಉಪಾಯ. ಕೆಲವರು ಕರು ಚಿಕ್ಕದಾಗಲೆಂದು ತುಂಬುಗಬ್ಬದ ಹಸುವಿಗೆ ಮೇವನ್ನು ಕಡಮೆ ಮಾಡುತ್ತಾರೆ. ಇದರಿಂದ ಹಸು ಬಡವಾಗಿ, ಗಿಣ್ಣುಹಾಲು ತಗ್ಗಿ, ಕರುವು ದುರ್ಬಲವಾಗುವುದೇ ಹೊರತು ಪ್ರಸವವು ಸುಲಭವಾಗದು. ಉಪಾಯವಿರುವುದು ಹೋರಿಯ ಆಯ್ಕೆಯಲ್ಲಿ. ಕಡಸು ಪೂರ್ಣ ಬೆಳೆದ ಹಸುವಿನ ತೂಕದ ಮೂರರಲ್ಲಿ ಎರಡು ಪಾಲನ್ನು ಮುಟ್ಟುವ ತನಕ ಗಬ್ಬ ಕಟ್ಟಿಸಬಾರದು. ಚೊಚ್ಚಲು ಸೂಲಿಗೂ ಸಣ್ಣ ಹಸುಗಳಿಗೂ ಜರ್ಸಿಯಂತಹ ಚಿಕ್ಕ ತಳಿಯ, ಇಲ್ಲವೆ ನಾಡತಳಿಯ ಹೋರಿಯೇ ಯೋಗ್ಯ. ಹೆಣ್ಣುಗರುವು ಗಂಡಿಗಿಂತ ಸ್ವಲ್ಪ ಹಗುರವಾದುದರಿಂದ, ಲಿಂಗ ವಿಂಗಡಿಸಿದ ವೀರ್ಯವೂ ಚೊಚ್ಚಲು ಕಡಸುಗಳಿಗೆ ಹಿತವಾದುದು.

ಇವೆಲ್ಲವೂ ಒಬ್ಬೊಬ್ಬ ಒಕ್ಕಲಿನಿಂದ ಆಗುವ ಕೆಲಸವಲ್ಲ. ಗ್ರಾಮದ ಹಿರಿಯರು ಮುಂದೆ ನಿಂತರೆ ಮಾತ್ರ ನಡೆಯುವುದು. ಹಾಲಿನ ಸಂಘದಲ್ಲಿ ಒಂದು ತೂಕದ ಯಂತ್ರ, ಒಂದು ಸೀಸೆ ಟಿಂಚರ್ ಅಯೋಡಿನ್, ಹೆಪ್ಪುಗಟ್ಟಿಸುವ ಪೆಟ್ಟಿಗೆಯಲ್ಲಿ ಎರಡು ಮೂರು ಸೀಸೆ ಗಿಣ್ಣುಹಾಲು, ಇಷ್ಟನ್ನು ಸಿದ್ಧವಾಗಿಡಿಸಿರಿ. ಹೆಚ್ಚು ಹಾಲು ಕೊಡುವ ಆರೋಗ್ಯವಂತ ಹಸುಗಳಿಂದ ಮಿಕ್ಕ ಗಿಣ್ಣುಹಾಲನ್ನು ಹೀಗೆ ತಿಂಗಳುಗಟ್ಟಲೆ ಇಡಬಹುದು. ಬೇಕಾದಾಗ ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕೇ ಹೊರತು ಕುದಿಸಬಾರದು. ತಾಯಿ ಸತ್ತ ಕರುವಿಗೂ ತಾಯಿಯ ಹಾಲು ಸಾಲದ ದೊಡ್ಡ ಕರುವಿಗೂ ಇದು ಪ್ರಾಣದಾನವಾಗುವುದು. ತಮ್ಮ ಗ್ರಾಮದಲ್ಲಿ ಹಸು ಈದ ಸುದ್ದಿ ಬಂದಾಗ ಕರು ಎಷ್ಟು ದೊಡ್ಡದೆಂದು ಕೇಳುವ ಮೊದಲು, ಅದು ಎಷ್ಟು ಗಂಟೆಗೆ ಎಷ್ಟು ಹಾಲು ಕುಡಿಯಿತೆಂದು ಕೇಳಿರಿ. ಮುಖಂಡರು ಕೇಳತೊಡಗಿದರೆ ಒಕ್ಕಲುಗಳು ಕುಡಿಸತೊಡಗುವರು.