ಮನ್ಯಾಗ ಸ್ವಭಾವ ಯಾರಿಗೆ ಅದ?

ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲಾ ಅಂತ ನಾವೆಲ್ಲಾ ಸಣ್ಣವರಿದ್ದಾಗಿಂದ ಕೇಳ್ಕೋತ ಬಂದೇವಿ. ಆದ್ರ ಒಂದು ಮಾತು ನೋಡ್ರಿ. ಮಾವನೋರು ಮುಂಜಾನೆ ಪೇಪರ್ ಓದಿ ಮುಗಸೋತನಕಾ ಯಾರ ಜೋಡಿನೂ ಮಾತಾಡಲಿಲ್ಲಂದ್ರ "ಅವರ ಸ್ವಭಾವನ ಹಂಗ, ಬಿಡ್ರಿ" ಅಂತೇವಿ. ಅದ ಸೊಸಿ ಮುಂಜಾನೆ ಒಂದು ತಾಸು ಸುಮ್ಮನ ಕೆಲಸಾ ಮಾಡಿದ್ಲಂದ್ರ "ಮಾರಿ ಉಬ್ಬಿಸ್ಕೊಂಡಾಳ, ಏನಾಗ್ಯದೋ ಏನೋ" ಅಂತೇವಿ. ಒಬ್ಬರದು ಸ್ವಭಾವ, ಇನ್ನೊಬ್ಬರದು ಧಿಮಾಕು.

ಈಗಿನ ಹುಡುಗೂರು ಮೊಬೈಲ್‌ನ್ಯಾಗ ಪ್ರಶ್ನಾ ತುಂಬಿ "ನಂದು ಈ ಟೈಪ್" ಅಂತ ನಾಕು ಇಂಗ್ಲಿಷ್ ಅಕ್ಷರಾ ತೋರಸ್ತಾರಲ್ಲಾ, ಅದರ ಮೂಲ ಅಮೇರಿಕಾದ ಒಂದು ಮನ್ಯಾಗ ಅದ. ಕ್ಯಾಥರಿನ್ ಬ್ರಿಗ್ಸ್, ಆಕಿ ಮಗಳು ಇಸಾಬೆಲ್ ಮೈಯರ್ಸ್, ಅವ್ವ-ಮಗಳು ಕೂಡಿ ಕಟ್ಟಿದ್ದು. ಇಬ್ಬರಿಗೂ ಮನಃಶಾಸ್ತ್ರದ ಡಿಗ್ರಿ ಇರಲಿಲ್ಲಾ. ಸ್ವಿಟ್ಜರ್‌ಲೆಂಡಿನ ಕಾರ್ಲ್ ಯುಂಗ್ ಅವರು 1921ರಾಗ ಅಂತರ್ಮುಖಿ, ಬಹಿರ್ಮುಖಿ ಅಂತೆಲ್ಲಾ ಬರದ ಪುಸ್ತಕಾನ ಅವರಿಗೆ ಆಧಾರ. ಎರಡನೇ ಮಹಾಯುದ್ಧದಾಗ ಗಂಡಸರು ಯುದ್ಧಕ್ಕ ಹೋಗಿ, ಹೆಣ್ಣಮಕ್ಕಳು ಕಾರ್ಖಾನಿಗೆ ಹೊಂಟಾಗ, ಯಾರಿಗೆ ಎಂಥಾ ಕೆಲಸ ಒಗ್ಗತದ ಅಂತ ತಿಳೀಲಿ ಅಂತ ಇಸಾಬೆಲ್ ಪ್ರಶ್ನಾ ಬರೀಲಿಕ್ಕೆ ಕೂತ್ಲು. ಅದರಾಗ ಮಂದಿನ್ನ 16 ನಮೂನಿ ಮಾಡ್ಯಾರ.

ತಿಳದವರು ಈ ಪರೀಕ್ಷಾಕ್ಕ ಭಾಳ ಮಾನಾ ಕೊಡಂಗಿಲ್ಲಾ. ಇವತ್ತು ತುಂಬಿದವರು ಒಂದಿಷ್ಟು ವಾರಾ ಬಿಟ್ಟು ಮತ್ತ ತುಂಬಿದ್ರ ಎಷ್ಟೋ ಮಂದಿಗೆ ಬ್ಯಾರೆ ಟೈಪ್ ಬರ್ತದ. ಖರೇನ ಅದ. ಮನಶ್ಯಾರೇನು ಮಸಾಲಿ ಡಬ್ಬ್ಯಾಗಿನ ಸಾಸಿವಿ-ಜೀರಗಿ ಅಲ್ಲಾ, ಒಂದೊಂದು ವಾಟಿಗೆ ಹಾಕಿ ಇಡ್ಲಿಕ್ಕೆ. ಆದ್ರ ಇಸಾಬೆಲ್ ಕೇಳಿದ ಪ್ರಶ್ನಾ ಛಲೋ ಅದ: ಈಕಿಗೆ ಯಾವ ಕೆಲಸ ಒಗ್ಗತದ? ನಮ್ಮ ಮನಿಗಳೊಳಗ ಅದನ್ನ ಯಾರೂ ಕೇಳಂಗಿಲ್ಲಾ. ಹಿರೇಸೊಸಿ ಅಂದ್ರ ಅಡಗಿ, ಸಣ್ಣಸೊಸಿ ಅಂದ್ರ ಮುಸರಿ, ಮಗಳು ಅಂದ್ರ ಕಸಾ. ಕೆಲಸಾ ಸಂಬಂಧ ನೋಡಿ ಹಂಚ್ತೇವಿ, ಆ ಹೆಣ್ಣಮಗಳನ್ನ ನೋಡಿ ಅಲ್ಲಾ.

ಕೆಲವರಿಗೆ ಮಾತಿದ್ರನ ಕೈ ಓಡ್ತಾವ. ಅಂಥಾಕಿನ್ನ ಚಕ್ಕುಲಿ ಒತ್ತಲಿಕ್ಕೆ, ಶಾವಗಿ ಹೊಸೀಲಿಕ್ಕೆ ನಾಕು ಮಂದಿ ನಡುವ ಕೂಡಸ್ರಿ, ದಣಿವ ಗೊತ್ತಾಗಂಗಿಲ್ಲಾ. ಕೆಲವರಿಗೆ ಒಬ್ಬರ ಇದ್ರ ಛಲೋ. ಅಂಥಾಕಿಗೆ ಕಿರಾಣಿ ಯಾದಿ, ಹಾಲಿನ ಲೆಕ್ಕಾ, ಅಟ್ಟದ ಮ್ಯಾಲಿನ ಸಾಮಾನು ಕೊಟ್ಟು ಬಾಗಲಾ ಮುಂದ ಮಾಡ್ರಿ. ನಡುನಡುವ ಹೋಗಿ "ಎಲ್ಲಿತನಾ ಬಂತು" ಅಂತ ಮಾತ್ರ ಕೇಳಬ್ಯಾಡ್ರಿ.

ನಸೀಕಲೆ ಏಳೋ ಮಾತೂ ಹಂಗ. ನಿದ್ದಿ ಹೊತ್ತು ಒಂದಿಷ್ಟು ಹುಟ್ಟಿನಿಂದ ಬರ್ತದ, ಒಂದಿಷ್ಟು ವಯಸ್ಸಿನ ಜೋಡಿ ಬದಲಾಗ್ತದ. ಹರೇದ ಹುಡುಗೂರಿಗೆ ನಿದ್ದಿ ತಡಾ ಮಾಡಿ ಹತ್ತತದ, ವಯಸ್ಸಾದವರಿಗೆ ಲಗೂನ ಎಚ್ಚರಾಗ್ತದ. ಅಂದಮ್ಯಾಲ ಅತ್ತಿಯೋರು ಐದಕ್ಕ ಏಳೋದು ದೊಡ್ಡ ಪುಣ್ಯಾ ಅಲ್ಲಾ, ಮೊಮ್ಮಗಳು ಏಳದ ಇರೋದು ಪಾಪಾನೂ ಅಲ್ಲಾ. ರಾತ್ರಿ ಚುರುಕಿರೋಕಿ ಕಾಳು ನೆನಿ ಹಾಕಿ, ಕಾಯಿಪಲ್ಯಾ ಹೆಚ್ಚಿಟ್ಟು ಮಲಗ್ಲಿ. ಮುಂಜಾನೆಯಾಕಿ ಎದ್ದು ಒಗ್ಗರಣಿ ಹಾಕ್ಲಿ. ಡಬ್ಬಿ ಹೊತ್ತಿಗೆ ಸರಿ ತಯಾರಾದ್ರ ಆತಲ್ಲಾ?

ಆದ್ರ ಇದರಾಗೊಂದು ಕಳ್ಳದಾರಿ ಅದ. "ನನ್ನ ಸ್ವಭಾವಕ್ಕ ಇದು ಒಗ್ಗಂಗಿಲ್ಲಾ" ಅಂತ ಸೋಫಾದ ಮ್ಯಾಲ ಕೂತವರು ಶುರು ಮಾಡ್ತಾರ. ಮುಸರಿ ತಿಕ್ಕೋ ಸ್ವಭಾವದವರು, ಬಚ್ಚಲಾ ತೊಳಿಯೋ ಸ್ವಭಾವದವರು ಈ ಭೂಮಿ ಮ್ಯಾಲ ಯಾರೂ ಹುಟ್ಟಿಲ್ಲಾ. ಒಗ್ಗೋ ಕೆಲಸಾ ಸ್ವಭಾವ ನೋಡಿ ಹಂಚ್ರಿ. ಯಾರಿಗೂ ಒಗ್ಗಲಾರದ ಕೆಲಸಾ ಪಾಳಿ ಹಚ್ಚಿ ಹಂಚ್ರಿ. ಕ್ಯಾಲೆಂಡರಿನ ಮ್ಯಾಲ ಹೆಸರು ಬರೀರಿ, ಗಂಡಸರದ್ದೂ.

ಇನ್ನೊಂದು ಮುಖ್ಯ ಮಾತು. ಒಗ್ಗೋ ಕೆಲಸಾ ಸಿಕ್ಕರ ಲಗೂ ಮುಗೀತದ, ಒಂದು ತಾಸು ಉಳೀತದ. ಆ ತಾಸು ಯಾರದು? ಚುರುಕ ಹೆಣ್ಣಮಗಳ ಕೈ ಖಾಲಿ ಕಂಡ ಕೂಡ್ಲೆ ಮತ್ತೊಂದು ಕೆಲಸಾ ಹಚ್ಚೋದು ನಮಗ ರೂಢಿ. ಹಂಗಾದ್ರ ಆಕಿ ಯಾಕ ಚುರುಕಾಗಬೇಕು? ನಿಧಾನ ಮಾಡೋದ ಶಾಣ್ಯಾತನಾ ಆಗ್ತದ. ಉಳದ ತಾಸು ಉಳಿಸಿದಾಕಿದು. ಮಲಗ್ಲಿ, ಓದ್ಲಿ, ಗೆಳತಿಗೆ ಫೋನ್ ಹಚ್ಲಿ, ಸುಮ್ಮನ ಕಟ್ಟಿ ಮ್ಯಾಲ ಕೂಡ್ಲಿ, ಯಾರೂ ಕೇಳಬಾರದು.

ವೈನಿ, ಅಕ್ಕಾ, ಮಾಮಿ, ಈ ಸಲ ದೀಪಾವಳಿ ಫರಾಳಕ್ಕ ಯಾದಿ ಮಾಡೋಕ್ಕಿಂತ ಮೊದಲ ಮನ್ಯಾಗಿನ ಎಲ್ಲಾರನ್ನೂ ಒಂದ ಮಾತು ಕೇಳ್ರಿ: "ನಿನಗ ಯಾವ ಕೆಲಸ, ಯಾವ ಹೊತ್ತಿನ್ಯಾಗ, ಯಾರ ಜೋಡಿ ಹಗರ ಅನಸ್ತದ?" ಮೊದಲ ಸಣ್ಣಸೊಸಿನ್ನ ಕೇಳ್ರಿ. ಆಕಿನ್ನ ಅದನ್ನ ಇನ್ನೂ ಯಾರೂ ಕೇಳಿರಂಗಿಲ್ಲಾ.